ಗದಗ ಜಿಲ್ಲೆಯ ಕಪ್ಪತಗುಡ್ಡ ಸುಟ್ಟರೆ ಹುಲ್ಲು ಚೆನ್ನಾಗಿ ಬರುತ್ತಾ?

ಸರ್, "ಬೆಂಕಿ ಬಿದ್ದ ವರ್ಷ ಗುಡ್ಡದಲ್ಲಿ ಮೇವು ಜಾಸ್ತಿ ಅಂತಾರೆ ಅಜ್ಜ, ನಿಜವೇ?" ಅಂತ ಕೇಳಿದ್ದೀರಿ. ಅರ್ಧ ನಿಜ.

ಹೋದ ಏಪ್ರಿಲ್‌ನಲ್ಲಿ ಗುಡ್ಡದ ಡೋಣಿ ಊರಿನ ಕಡೆ ಸುಟ್ಟ ಜಾಗದಲ್ಲಿ ಒಂದು ಹುಲ್ಲಿನ ಬುಡ ಬಿಡಿಸಿ ನೋಡಿದೆ. ಮೇಲೆಲ್ಲ ಕರಿ, ಕೈಗೆ ಮಸಿ. ಒಳಗೆ ಬೆರಳಿಟ್ಟರೆ ತಣ್ಣಗೆ, ಬಿಳಿ ಮೊಳಕೆ ಹಾಗೇ ಇತ್ತು. ಹುಲ್ಲಿನ ಜೀವ ಇರುವುದು ಬುಡದಲ್ಲಿ. ಒಂದು ಮಳೆ ಬಿದ್ದರೆ ಸಾಕು, ಎಳೆ ಹಸಿರು ಚಿಗುರುತ್ತದೆ. ಅಜ್ಜ ನೋಡಿರುವುದು ಅದನ್ನೇ.

ಮರದ ಸಸಿಗೆ ಈ ಭಾಗ್ಯ ಇಲ್ಲ. ತೊಗಟೆ ದಪ್ಪ ಆಗಿ, ತುದಿ ಜ್ವಾಲೆಗಿಂತ ಮೇಲೇಳಲು ಎಷ್ಟೋ ವರ್ಷ ಬೇಕು. ವರ್ಷಾ ವರ್ಷ ಬೆಂಕಿ ಬಿದ್ದರೆ ಹಳೇ ಮರ ಉಳಿಯುತ್ತವೆ, ಮರಿ ಇರಲ್ಲ. ಆ ಜಾಗಕ್ಕೆ ಮತ್ತೆ ಹುಲ್ಲು, ಲಂಟಾನ ಅನ್ನೋ ಕಳೆ ಪೊದೆ ಬರುತ್ತವೆ. ಹುಲ್ಲು ಹೆಚ್ಚಾದರೆ ಮುಂದಿನ ಬೆಂಕಿಗೆ ಅದೇ ಉರುವಲು.

ಇನ್ನು ಮಳೆ. ಬರಗಾಲದಲ್ಲೇ ಬೆಂಕಿ ಜಾಸ್ತಿ ಅಂದ್ಕೊಳ್ತೀವಿ, ಅಲ್ವಾ? ಇಂಥ ಹುಲ್ಲುಗುಡ್ಡದಲ್ಲಿ ಹಾಗಿಲ್ಲ. ಮುಂಗಾರು ಚೆನ್ನಾಗಿ ಆಗಿ ಹುಲ್ಲು ಎದೆಯೆತ್ತರ ಬೆಳೆದು, ಆಮೇಲೆ ಬೇಸಿಗೆ ಬಿರುಸಾದರೆ ಅದೇ ಅಪಾಯ. ಬಿಸಿಲು ಏರಿದಷ್ಟೂ ಹುಲ್ಲು ಬೇಗ ಒಣಗುತ್ತದೆ.

ಬೂದಿ ಗೊಬ್ಬರ ಅನ್ನೋದು? ಪೊಟ್ಯಾಷ್ ಸಿಗುತ್ತದೆ, ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಇಳಿಜಾರಿನಲ್ಲಿ ಮೊದಲ ಜೋರು ಮಳೆಗೆ ಬೂದಿಯ ಜೊತೆ ಮೇಲ್ಮಣ್ಣೂ ಹಳ್ಳ ಸೇರುತ್ತದೆ.

ಅಂದಹಾಗೆ 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಮೇವಿಗೆ ಅಂತ ಕಡ್ಡಿ ಗೀರಿದರೆ ಕೇಸು ಬೀಳುತ್ತೆ, ಅಜ್ಜನಿಗೆ ಇದನ್ನೂ ಹೇಳಿ.