ಬೈಕ್‌ನಲ್ಲಿ ದೂರ ಹೋಗುವಾಗ ನೀರು ಎಷ್ಟು ಕುಡಿಯಬೇಕು, ಹೇಗೆ ಕುಡಿಯಬೇಕು?

ದಿನವಿಡೀ ಬೈಕ್ ಓಡಿಸಿದರೆ ಸಂಜೆಗೆ ತಲೆ ಸಿಡಿಯುತ್ತದೆ, ಆದರೆ ದಾರಿಯಲ್ಲಿ ಅಷ್ಟೇನೂ ಬೆವರಿದ ಹಾಗೆ ಅನ್ನಿಸುವುದಿಲ್ಲ ಎಂದು ಬರೆದಿದ್ದೀರಿ. ಹೆಚ್ಚು ನೀರು ಕುಡಿದರೆ ಪದೇ ಪದೇ ಟಾಯ್ಲೆಟ್‌ಗೆ ನಿಲ್ಲಿಸಬೇಕಾಗುತ್ತದೆ ಅಂತ ಕಡಿಮೆ ಕುಡಿಯುತ್ತೀರಂತೆ. ಹಾಗಾದರೆ ಎಷ್ಟು ಕುಡಿಯಬೇಕು ಅನ್ನುವುದು ನಿಮ್ಮ ಪ್ರಶ್ನೆ. ಎಷ್ಟೋ ವರ್ಷಗಳಿಂದ ದೂರದ ಸವಾರಿ ಮಾಡುತ್ತಿದ್ದೇನೆ, ಜೊತೆಗೆ ಬರುವವರ ಬಾಯಲ್ಲೂ ಹೆಚ್ಚುಕಡಿಮೆ ಇದೇ ಮಾತು ಕೇಳುತ್ತೇನೆ. ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ, ಹೇಳುತ್ತೇನೆ. ಆದರೆ ನಿಮ್ಮ ತೊಂದರೆ ಬಗೆಹರಿಯುವುದು ಆ ಲೆಕ್ಕದಿಂದಲ್ಲ. ಹೆಲ್ಮೆಟ್ ತೆಗೆಯದೆ, ಗಾಡಿ ನಿಲ್ಲಿಸದೆ ನೀರು ಬಾಯಿಗೆ ಸಿಗುವ ಹಾಗೆ ಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಮೊದಲು ಬೆವರಿನ ವಿಷಯ. ನೀವು ಬೆವರುತ್ತಲೇ ಇರುತ್ತೀರಿ. ಕಣ್ಣಿಗೆ ಕಾಣುವ ಮುಂಚೆಯೇ ಗಾಳಿ ಅದನ್ನು ಒಣಗಿಸಿಬಿಡುತ್ತದೆ, ಅಷ್ಟೇ. ಅನುಮಾನವಿದ್ದರೆ ಬಿಸಿಲಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಎಲ್ಲಾದರೂ ಸಿಗ್ನಲ್ ಬಿದ್ದಾಗ ಗಮನಿಸಿ. ಚಕ್ರ ನಿಂತ ಸ್ವಲ್ಪ ಹೊತ್ತಿಗೆಲ್ಲ ನೆತ್ತಿಯಿಂದ ಹನಿ ಇಳಿದು ಹುಬ್ಬಿನ ಹತ್ತಿರ ಹೆಲ್ಮೆಟ್ಟಿನ ಪ್ಯಾಡ್ ಒದ್ದೆಯಾಗುತ್ತದೆ, ಜಾಕೆಟ್ಟಿನೊಳಗೆ ಬೆನ್ನು ತೊಯ್ದುಹೋಗುತ್ತದೆ. ಅದು ನಿಂತ ಮೇಲೆ ಶುರುವಾದ ಬೆವರಲ್ಲ, ಅಲ್ಲಿಯವರೆಗೂ ಬರುತ್ತಲೇ ಇದ್ದದ್ದು. ಸಂಜೆ ಟೀ ಶರ್ಟ್ ಬಿಚ್ಚಿದಾಗ ಬೆನ್ನಿನ ಮೇಲೆ, ಬ್ಯಾಗಿನ ಪಟ್ಟಿ ಒತ್ತಿದ ಜಾಗದಲ್ಲಿ, ಹೆಲ್ಮೆಟ್ ಪಟ್ಟಿಯ ಮೇಲೆ ಬಿಳಿ ಗೆರೆ ಕಂಡರೆ ಅದು ದಿನವಿಡೀ ನಿಮ್ಮ ಮೈಯಿಂದ ಹೋದ ಉಪ್ಪು.

ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ತಂಪಾಗಿರುವ ತನಕ ಮೈಗೆ ಬಡಿಯುವ ಗಾಳಿ ಮೈಯನ್ನು ತಣಿಸುತ್ತದೆ. ಅದಕ್ಕಿಂತ ಬಿಸಿಯಾದರೆ ಅದೇ ಗಾಳಿ ಮೈಗೆ ಶಾಖ ತುಂಬುತ್ತದೆ, ಆಮೇಲೆ ನಿಮ್ಮನ್ನು ಕಾಪಾಡುವುದು ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಹಾಗಾಗಿ 40 ಡಿಗ್ರಿ ಬಿಸಿಲಲ್ಲಿ ಜಾಕೆಟ್ ಬಿಚ್ಚಿ ಬರೀ ಟೀ ಶರ್ಟಿನಲ್ಲಿ ಓಡಿಸಿದರೆ ಹಾಯಾಗಿದೆ ಅನ್ನಿಸಿದರೂ ಒಳಗಿನ ನೀರು ಇನ್ನೂ ಬೇಗ ಖಾಲಿಯಾಗುತ್ತದೆ, ಚರ್ಮವೂ ಸುಡುತ್ತದೆ. ಬಿದ್ದರೆ ಆಗುವ ಗಾಯದ ಮಾತು ಬೇರೆ. ನಾನು ಅಂಥ ಬಿಸಿಲಲ್ಲಿ ಜಾಕೆಟ್ಟಿನ ಗಾಳಿಕಿಂಡಿಗಳನ್ನು ಅರ್ಧ ಮಾತ್ರ ತೆರೆದು, ಒಳಗಿನ ಟೀ ಶರ್ಟನ್ನು ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳುತ್ತೇನೆ. ಮೈಯ ಬೆವರು ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಆ ನೀರು ಮಾಡುತ್ತದೆ. ಒಣಹವೆಯಲ್ಲಿ ಇದರ ಪರಿಣಾಮ ಬಹಳ ಚೆನ್ನಾಗಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ಬೆವರೂ ಸರಿಯಾಗಿ ಆವಿಯಾಗುವುದಿಲ್ಲವಲ್ಲ.

ತಲೆನೋವು ಬಂದರೆ ಬಂತು, ಸಂಜೆ ಮಲಗಿದರೆ ಹೋಗುತ್ತದೆ ಅಂತ ದಯವಿಟ್ಟು ಬಿಡಬೇಡಿ. ತಲೆನೋವು ಶುರುವಾಗುವ ಮೊದಲೇ ಗಮನ ಸಡಿಲವಾಗಿರುತ್ತದೆ. ಮೈತೂಕದ ನೂರಕ್ಕೆ ಎರಡು ಭಾಗದಷ್ಟು ನೀರು ಹೋದರೆ, ಅಂದರೆ 70 ಕಿಲೋ ತೂಗುವವರಿಗೆ ಸುಮಾರು 1.4 ಲೀಟರ್, ಚುರುಕುತನ ಕಡಿಮೆಯಾಗುವುದು ಚೆನ್ನಾಗಿ ಗೊತ್ತಿರುವ ವಿಷಯ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ ಕಾರಿನ ಸಿಮ್ಯುಲೇಟರ್ ಮುಂದೆ ಕೂರಿಸಿ ಎರಡು ಗಂಟೆ ಬೇಸರ ಹುಟ್ಟಿಸುವಂಥ ನೇರ ರಸ್ತೆಯಲ್ಲಿ ಓಡಿಸಲು ಕೊಟ್ಟರು. ಒಂದು ಸಲ ಗಂಟೆಗೆ 200 ಮಿ.ಲೀ. ನೀರು, ಇನ್ನೊಂದು ಸಲ ಬರೀ 25 ಮಿ.ಲೀ. ಕೊಟ್ಟರು. ನೀರು ಕಡಿಮೆ ಕುಡಿದ ದಿನ ಲೇನ್ ಬಿಟ್ಟು ಸರಿಯುವುದು, ತಡವಾಗಿ ಬ್ರೇಕ್ ಹಾಕುವುದು ಮುಂತಾದ ತಪ್ಪುಗಳು ಎರಡರಷ್ಟಾದವು. ಭಾಗವಹಿಸಿದವರು ಬರೀ 11 ಜನ, ಅವರೆಲ್ಲ ಗಂಡಸರು, ಆದ್ದರಿಂದ ಆ ಅಂಕಿಯನ್ನೇ ಗಟ್ಟಿಯಾಗಿ ಹಿಡಿಯಬೇಕಿಲ್ಲ. ಆದರೂ ಕಾರಿನ ಸೀಟಿನಲ್ಲಿ ಕೂತವರ ಗತಿಯೇ ಹೀಗಾದರೆ ಎರಡು ಚಕ್ರದ ಮೇಲಿರುವವರ ಬಗ್ಗೆ ನನಗೆ ಭಯವಾಗುತ್ತದೆ.

ರಸ್ತೆಯಲ್ಲಿ ಇದು ಹೇಗೆ ಗೊತ್ತಾಗುತ್ತದೆ ಅಂದರೆ, ತಿರುವು ಮುಗಿದು ಎಷ್ಟೋ ದೂರ ಬಂದ ಮೇಲೂ ಇಂಡಿಕೇಟರ್ ಮಿನುಗುತ್ತಿರುತ್ತದೆ. ಗೇರ್ ಇಳಿಸಬೇಕಾದಲ್ಲಿ ತಡವಾಗುತ್ತದೆ. ಬೋರ್ಡ್ ಕಣ್ಣಿಗೆ ಬಿದ್ದರೂ ಏನು ಬರೆದಿತ್ತು ಅಂತ ನೆನಪಾಗುವುದಿಲ್ಲ. ಕಾರಣವಿಲ್ಲದೆ ಮುಂದಿನ ಗಾಡಿಯವರ ಮೇಲೆ ಸಿಟ್ಟು ಬರುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಂತಾಗುತ್ತದೆ. ಇದರಲ್ಲಿ ಎರಡು ಒಟ್ಟಿಗೆ ಕಂಡರೂ ನಾನು ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸುತ್ತೇನೆ, ಊರು ಎಷ್ಟೇ ಹತ್ತಿರವಿದ್ದರೂ ಸರಿ.

ಈಗ ಲೆಕ್ಕ. ಹಿಂದಿನ ದಿನದಿಂದಲೇ ಸರಿಯಾಗಿ ನೀರು ಕುಡಿದಿರಬೇಕು. ಹೊರಡುವ ಕೆಲವು ಗಂಟೆ ಮೊದಲು ಮೈತೂಕದ ಪ್ರತಿ ಕಿಲೋಗೆ 5ರಿಂದ 7 ಮಿ.ಲೀ. ಕುಡಿಯಿರಿ, ಅಂದರೆ 70 ಕಿಲೋ ಇದ್ದರೆ 350ರಿಂದ 490 ಮಿ.ಲೀ. ಇದು ಕ್ರೀಡಾಪಟುಗಳಿಗೆ ಹೇಳುವ ಲೆಕ್ಕ, ಬೈಕಿಗೂ ಹೊಂದುತ್ತದೆ. ಬೆಳಗಿನ ಜಾವವೇ ಹೊರಡುವುದಾದರೆ ಅದನ್ನು ಮಲಗುವ ಮುಂಚೆ ಸ್ವಲ್ಪ, ಎದ್ದ ಕೂಡಲೇ ಸ್ವಲ್ಪ ಅಂತ ಹಂಚಿಕೊಳ್ಳಿ. ದಾರಿಯಲ್ಲಿ, ತಂಪಾದ ದಿನ ನನಗೆ ಗಂಟೆಗೆ 200ರಿಂದ 300 ಮಿ.ಲೀ. ಸಾಕಾಗುತ್ತದೆ. ಬಿಸಿಲು ಜೋರಾದರೆ 500ರಿಂದ 700 ಮಿ.ಲೀ. ಬೇಕು. ನಿಮ್ಮ ಮೈಗೆ ಎಷ್ಟು ಬೇಕೆಂದು ತಿಳಿಯಲು ಸುಲಭದ ದಾರಿ ತೂಕದ ಯಂತ್ರ. ಹೊರಡುವ ಮುಂಚೆ ಒಮ್ಮೆ, ಎರಡು ಮೂರು ಗಂಟೆ ಓಡಿಸಿ ಬಂದ ಮೇಲೆ ಬೆವರು ಒರೆಸಿಕೊಂಡು ಮತ್ತೊಮ್ಮೆ, ಎರಡು ಸಲವೂ ಒಣಬಟ್ಟೆಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಹೋಗಿದೆ ಅಂತ ಅರ್ಥ. ತೂಕ ಇಳಿಯುವ ಬದಲು ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ.

ದಾರಿಯಲ್ಲಿ ತೂಕದ ಯಂತ್ರ ಎಲ್ಲಿ ಸಿಗಬೇಕು, ಅಲ್ಲಿ ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿಯಾಗಿ ವಾಸನೆ ಬಂದರೆ ಕಡಿಮೆಯಾಗಿದೆ. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡವರಿಗೆ ಈ ಪರೀಕ್ಷೆ ಉಪಯೋಗಕ್ಕೆ ಬಾರದು, ಅದರಿಂದಲೇ ಬಣ್ಣ ಗಾಢವಾಗುತ್ತದೆ.

ಇಷ್ಟೆಲ್ಲ ಗೊತ್ತಿರುವವರೂ ಯಾಕೆ ಕುಡಿಯುವುದಿಲ್ಲ? ಬಾಯಾರಿಕೆ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ಕುಡಿಯಬೇಕೆಂದರೆ ಗಾಡಿ ಬದಿಗೆ ಹಾಕಿ, ಗ್ಲೌಸ್ ತೆಗೆದು, ಹೆಲ್ಮೆಟ್ ಬಿಚ್ಚಿ, ಕಟ್ಟಿದ ಬ್ಯಾಗಿನಿಂದ ಬಾಟಲಿ ಎಳೆಯಬೇಕು. ಮುಂದಿನ ಬಂಕ್‌ನಲ್ಲಿ ನೋಡೋಣ ಅಂತ ಮುಂದಕ್ಕೆ ಹೋಗುತ್ತೀರಿ. ಬಂಕ್ ಬರುವಷ್ಟರಲ್ಲಿ ಇನ್ನೂ ಒಂದು ಗಂಟೆ ಕಳೆದಿರುತ್ತದೆ. ಅದಕ್ಕೇ ನಾನು ಯಾರಿಗಾದರೂ ಮೊದಲು ಹೇಳುವುದು ಹೈಡ್ರೇಷನ್ ಬ್ಯಾಗ್ ಕೊಳ್ಳಿ ಅಂತ. ಬೆನ್ನಿಗೆ ಹಾಕುವ ತೆಳ್ಳನೆಯ ಚೀಲ, ಅದರೊಳಗೆ 2 ಅಥವಾ 3 ಲೀಟರ್ ಹಿಡಿಯುವ ರಬ್ಬರಿನಂಥ ಮೆತ್ತನೆಯ ಬ್ಲ್ಯಾಡರ್, ಅದರಿಂದ ಭುಜದ ಮೇಲೆ ಹಾದುಬರುವ ಪೈಪ್, ತುದಿಯಲ್ಲಿ ಹಲ್ಲಿನಿಂದ ಕಚ್ಚಿದರೆ ನೀರು ಬರುವ ವಾಲ್ವ್. ಫುಲ್ ಫೇಸ್ ಹೆಲ್ಮೆಟ್ ಆದರೂ ಗದ್ದದ ಕೆಳಗಿನಿಂದ ಪೈಪ್ ಒಳಗೆ ತೂರಿಸಬಹುದು. ಸಿಗ್ನಲ್‌ನಲ್ಲಿ ನಿಂತಾಗ ನಾಲ್ಕು ಗುಟುಕು ಹೀರಿ, ಖಾಲಿ ನೇರ ರಸ್ತೆಯಲ್ಲಿ ಎರಡು ಗುಟುಕು ಹೀರಿ. ಜನಸಂದಣಿಯಲ್ಲಿ, ತಿರುವಿನಲ್ಲಿ ಬೇಡ.

ಕುಡಿದಾದ ಮೇಲೆ ಪೈಪಿನೊಳಗೆ ಒಮ್ಮೆ ಊದಿ ನೀರನ್ನು ಬ್ಲ್ಯಾಡರಿಗೇ ವಾಪಸ್ ಕಳಿಸಿ. ಪೈಪಿನಲ್ಲಿ ಉಳಿದ ನೀರು ಬಿಸಿಲಲ್ಲಿ ಕಾದು ಮುಂದಿನ ಮೊದಲ ಗುಟುಕು ನಾಲಿಗೆ ಸುಡುವಂತಿರುತ್ತದೆ, ಕೊರೆಯುವ ಚಳಿಯಲ್ಲಾದರೆ ಅದೇ ಹೆಪ್ಪುಗಟ್ಟಿ ಪೈಪ್ ಮುಚ್ಚಿಹೋಗುತ್ತದೆ. ರಾತ್ರಿ ಮೂರನೇ ಒಂದು ಭಾಗ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಉಳಿದದ್ದನ್ನು ತುಂಬಿದರೆ ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ, ಬೆನ್ನಿಗೂ ಹಿತ. ಭುಜ ನೋವು ಬರುವವರು ಪಟ್ಟಿಯನ್ನು ಸಡಿಲಿಸಿ ಚೀಲದ ಭಾರ ಸೀಟಿನ ಮೇಲೆ ಕೂರುವ ಹಾಗೆ ಮಾಡಿಕೊಳ್ಳಿ, ಇಲ್ಲವೇ ಬ್ಲ್ಯಾಡರನ್ನು ಟ್ಯಾಂಕ್ ಬ್ಯಾಗಿನಲ್ಲಿಟ್ಟು ಪೈಪ್ ಮೇಲಕ್ಕೆ ತನ್ನಿ. ಸ್ಟೀಲ್ ಬಾಟಲಿಯಂಥ ಗಟ್ಟಿ ವಸ್ತುಗಳನ್ನು ಮಾತ್ರ ಬೆನ್ನಿನ ಚೀಲದಲ್ಲಿ ಇಡಬೇಡಿ, ಬಿದ್ದಾಗ ಬೆನ್ನುಮೂಳೆಗೆ ಒತ್ತುವುದು ಅದೇ. ಅವಕ್ಕೆ ಜಾಗ ಸೈಡ್ ಬಾಕ್ಸ್, ಅದೂ ಸೈಲೆನ್ಸರ್ ಇಲ್ಲದ ಕಡೆ.

ಬ್ಲ್ಯಾಡರಿಗೆ ಬರೀ ನೀರು ಹಾಕಿ. ಸಕ್ಕರೆ ಇರುವುದು ಏನೇ ಹಾಕಿದರೂ ಪೈಪಿನೊಳಗೆ ಬೂಷ್ಟು ಹಿಡಿಯುತ್ತದೆ, ತೊಳೆಯುವುದು ದೊಡ್ಡ ಕೆಲಸ. ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಉಪ್ಪು, ಗ್ಲೂಕೋಸಿನ ಪುಡಿ, ಬೇರೆ ಬಾಟಲಿಯಲ್ಲಿರಲಿ.

ಓಆರ್‌ಎಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಇಡೀ ದಿನ ಬೆವರು ಹರಿಸಿ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಅದರ ಲಕ್ಷಣವೂ ತಲೆನೋವು, ವಾಕರಿಕೆ, ಗೊಂದಲವೇ. ನೀರು ಕಡಿಮೆಯಾಯಿತೆಂದು ತಿಳಿದು ಮತ್ತಷ್ಟು ಕುಡಿದವರ ಜೀವಕ್ಕೇ ಅಪಾಯವಾಗಬಹುದು. ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಕುಡಿಯುವ ಅಭ್ಯಾಸ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಿ. ಅರ್ಧ ಬಾಟಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಎರಡು ಮೂರು ಗಂಟೆಯ ಸವಾರಿಗೆ, ಊಟ ಸರಿಯಾಗಿದ್ದರೆ, ಇದರ ಅಗತ್ಯವೇ ಇಲ್ಲ. ಬಿಸಿಲಲ್ಲಿ ಇಡೀ ದಿನ ಅಂದರೆ ಮಧ್ಯಾಹ್ನ ಒಂದು, ಸಂಜೆ ಒಂದು ನಾನು ತಗೊಳ್ಳುತ್ತೇನೆ.

ಕಾಫಿ, ಟೀ ಕುಡಿದರೆ ನೀರೆಲ್ಲ ಹೋಗುತ್ತದೆ ಅನ್ನುವ ಮಾತು ಅಷ್ಟು ನಿಜವಲ್ಲ. ದಿನವೂ ಕುಡಿಯುವವರಿಗೆ ಒಂದೆರಡು ಕಪ್‌ನಿಂದ ಏನೂ ಆಗುವುದಿಲ್ಲ. ಮದ್ಯದ ಮಾತು ಬೇರೆ, ಮೂತ್ರಪಿಂಡಕ್ಕೆ ನೀರು ಹಿಡಿದಿಟ್ಟುಕೋ ಎಂದು ಹೇಳುವ ಹಾರ್ಮೋನನ್ನೇ ಅದು ತಡೆಯುತ್ತದೆ. ಮರುದಿನ ದೂರದ ಸವಾರಿ ಇದ್ದರೆ ಹಿಂದಿನ ರಾತ್ರಿ ಅದು ಬೇಡವೇ ಬೇಡ.

ಇನ್ನು ನಿಮ್ಮ ಟಾಯ್ಲೆಟ್ ಭಯ. ಬಂಕ್‌ನಲ್ಲಿ ನಿಂತು ಒಂದೇ ಉಸಿರಿಗೆ ಒಂದು ಲೀಟರ್ ಕುಡಿದರೆ ಮೂತ್ರಪಿಂಡ ಅದರಲ್ಲಿ ಬಹುಪಾಲನ್ನು ಬೇಗ ಹೊರಗೆ ಹಾಕುತ್ತದೆ, ಮುಕ್ಕಾಲು ಗಂಟೆಯಲ್ಲಿ ಜಾಗ ಹುಡುಕಬೇಕಾಗುತ್ತದೆ. ಅದೇ ಒಂದು ಲೀಟರನ್ನು ಗುಟುಕು ಗುಟುಕಾಗಿ ಎರಡು ಗಂಟೆಗೆ ಹಂಚಿದರೆ ಮೈ ಹೆಚ್ಚು ಪಾಲನ್ನು ಉಳಿಸಿಕೊಳ್ಳುತ್ತದೆ. ಬಿಸಿಲಲ್ಲಿ ಹೀಗೆ ಕುಡಿದವರು ಪೆಟ್ರೋಲಿಗೆ ನಿಂತಾಗ ಮಾತ್ರ ಟಾಯ್ಲೆಟ್‌ಗೆ ಹೋಗಿ ಬರುವುದನ್ನು ಜೊತೆಯವರಲ್ಲಿ ನೋಡಿದ್ದೇನೆ. ಹೆಂಗಸರು ಶುಚಿಯಾದ ಜಾಗ ಸಿಗುವುದಿಲ್ಲವೆಂದು ಬೆಳಗಿನಿಂದ ಬಾಯಿಗೆ ನೀರೇ ಹಾಕದೆ ಓಡಿಸುವುದನ್ನೂ ನೋಡಿದ್ದೇನೆ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಮೂತ್ರದ ಸೋಂಕು, ಕಲ್ಲು ಎರಡಕ್ಕೂ ಅದು ದಾರಿ. ಗುಂಪಿನಲ್ಲಿ ಹೋಗುವವರು ಹೊರಡುವ ಮುಂಚೆಯೇ ಒಳ್ಳೆಯ ಟಾಯ್ಲೆಟ್ ಇರುವ ಜಾಗಗಳನ್ನು ಗುರುತು ಹಾಕಿಕೊಂಡು, ಯಾರೂ ಬಾಯಿಬಿಟ್ಟು ಕೇಳಬೇಕಾಗದಂತೆ ಅಲ್ಲೆಲ್ಲ ಎಲ್ಲರೂ ನಿಲ್ಲಿ.

ಚಳಿಯಲ್ಲೂ, ಎತ್ತರದ ಬೆಟ್ಟದ ದಾರಿಗಳಲ್ಲೂ ಇದನ್ನು ಮರೆಯಬೇಡಿ. ಒಣ ಗಾಳಿಯಲ್ಲಿ ಉಸಿರಿನ ಮೂಲಕವೇ ನೀರು ಹೋಗುತ್ತದೆ, ಚಳಿಗೆ ಮೂತ್ರ ಹೆಚ್ಚಾಗುತ್ತದೆ, ಬಾಯಾರಿಕೆ ಮಾತ್ರ ಕಡಿಮೆ.

ಜೊತೆಯಲ್ಲಿರುವವರು ಬಿಸಿಲಿನಲ್ಲಿ ತಡವರಿಸಿ ಮಾತಾಡಿದರೆ, ನಿಂತಲ್ಲಿ ತೂರಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅದು ಶಾಖಾಘಾತ ಇರಬಹುದು. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಬೆವರು ಬರುತ್ತಿದೆಯಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ, ಬೆವರುತ್ತಿದ್ದರೂ ಅದು ಆಗಬಹುದು. ಕೂಡಲೇ ಆಂಬ್ಯುಲೆನ್ಸ್ ಕರೆಸಿ. ಅದು ಬರುವಷ್ಟರಲ್ಲಿ ನೆರಳಿಗೆ ಕರೆತಂದು ಹೆಲ್ಮೆಟ್, ಜಾಕೆಟ್, ಬೂಟು ಬಿಚ್ಚಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಜೋರಾಗಿ ಗಾಳಿ ಬೀಸಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಇಷ್ಟು ಮಾಡಿದ ಮೇಲೂ ನಿಮ್ಮ ತಲೆನೋವು ಹೋಗದಿದ್ದರೆ ಹೆಲ್ಮೆಟ್ ಹಣೆಯ ಮೇಲೆ ಒತ್ತುತ್ತಿದೆಯೇ ನೋಡಿ, ಬಿಚ್ಚಿದಾಗ ಹಣೆಯಲ್ಲಿ ಕೆಂಪು ಗುರುತು ತುಂಬ ಹೊತ್ತು ಉಳಿದರೆ ಅಳತೆ ಸರಿಯಿಲ್ಲ. ಗಾಳಿಯ ಸದ್ದೂ ಕಾರಣವಾಗಬಹುದು, ಕಿವಿಗೆ ಇಯರ್ ಪ್ಲಗ್ ಹಾಕಿ ಒಂದು ದಿನ ಓಡಿಸಿ ನೋಡಿ. ನಿಮಗೆ ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದು ಮಾತ್ರೆ ನುಂಗುತ್ತಿದ್ದರೆ ನಾನು ಮೇಲೆ ಹೇಳಿದ ನೀರಿನ ಅಳತೆಯನ್ನಾಗಲಿ ಓಆರ್‌ಎಸ್ ಅನ್ನಾಗಲಿ ಹಾಗೇ ತೆಗೆದುಕೊಳ್ಳಬೇಡಿ. ದೂರ ಹೋಗುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ, ನಿಮಗೆ ಎಷ್ಟು ನೀರು, ಎಷ್ಟು ಉಪ್ಪು ಅಂತ ಅವರೇ ಹೇಳಲಿ.