ಎಸ್‌ಎಚ್2 ಡೊಮೇನ್: ಸಂಕೇತಗಳು ಕಲಸಿಹೋಗುವುದಿಲ್ಲವೇ?

ಪ್ರಶ್ನೆ: ಎಸ್‌ಎಚ್2 ಡೊಮೇನ್ (ಪ್ರೋಟೀನಿನೊಳಗೆ ತನ್ನದೇ ಕೆಲಸವಿರುವ ಒಂದು ಭಾಗ) ಮನುಷ್ಯರ ನೂರಕ್ಕೂ ಹೆಚ್ಚು ಪ್ರೋಟೀನುಗಳಲ್ಲಿದ್ದು, ಫಾಸ್ಫೇಟ್ ಸೇರಿದ ಟೈರೋಸಿನ್ ಎಂಬ ಅಮೈನೊ ಆಮ್ಲವನ್ನೇ ಹಿಡಿಯುತ್ತದೆ ಎಂದು ಓದಿದೆ. ಎಲ್ಲವೂ ಒಂದನ್ನೇ ಹಿಡಿಯುವುದಾದರೆ ಜೀವಕೋಶದ ಸಂಕೇತಗಳು ಕಲಸಿಹೋಗುವುದಿಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದು ವಿಷಾದದ ಸಂಗತಿ. ಟೋನಿ ಪಾಸನ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ಕೋಳಿಗಳಿಗೆ ಗಡ್ಡೆ ತರುವ ಫ್ಯುಜಿನಾಮಿ ವೈರಸ್ಸಿನ ಪ್ರೋಟೀನಿನಲ್ಲಿ ಗುರುತಿಸಿದ ಈ ಡೊಮೇನ್, ಸುಮಾರು 100 ಅಮೈನೊ ಆಮ್ಲಗಳಷ್ಟು ಚಿಕ್ಕದು. ಆದರೂ ಅದರಲ್ಲಿ ಎರಡು ಕುಳಿಗಳಿವೆ. ಮೊದಲನೆಯದರ ಆಳದಲ್ಲಿರುವ ಆರ್ಜಿನೀನ್ ತನ್ನ ಧನ ಆವೇಶದಿಂದ ಫಾಸ್ಫೇಟನ್ನು ಹಿಡಿಯುತ್ತದೆ. ಅದು ಬದಲಾದರೆ ಹಿಡಿತವೇ ತಪ್ಪುವುದರಿಂದ, ಬಹುತೇಕ ಎಲ್ಲ ಎಸ್‌ಎಚ್2ಗಳಲ್ಲೂ ವಿಕಾಸದುದ್ದಕ್ಕೂ ಹಾಗೆಯೇ ಉಳಿದುಬಂದಿದೆ. ಎರಡನೆಯ ಕುಳಿ ಮಾತ್ರ ಪ್ರೋಟೀನಿನಿಂದ ಪ್ರೋಟೀನಿಗೆ ಬೇರೆಯಾಗಿದ್ದು, ಟೈರೋಸಿನ್ನಿನ ಮುಂದಿನ ಕೆಲವು ಅಮೈನೊ ಆಮ್ಲಗಳನ್ನು ಪರೀಕ್ಷಿಸುತ್ತದೆ. ಕೋಶದ ಸಂಕೇತಗಳನ್ನು ಸಾಗಿಸುವ ಸಾರ್ಕ್ ಪ್ರೋಟೀನಿನ ಡೊಮೇನಿಗೆ ಎರಡು ಗ್ಲುಟಾಮಿಕ್ ಆಮ್ಲಗಳೂ ಅವುಗಳ ನಂತರ ಐಸೊಲ್ಯೂಸಿನ್ನೂ ಇಷ್ಟ. ಜಿಆರ್‌ಬಿ2 ಎಂಬ ಇನ್ನೊಂದು ಪ್ರೋಟೀನಿಗಾದರೋ ಟೈರೋಸಿನ್ನಿನ ನಂತರದ ಎರಡನೆಯ ಸ್ಥಾನದಲ್ಲಿ ಆಸ್ಪರಜೀನ್ ಇರಲೇಬೇಕೆನ್ನುವಷ್ಟು ಹಟ.

ಆದರೆ ಇದೊಂದೇ ಸಾಲದು, ಏಕೆಂದರೆ ಈ ಆಯ್ಕೆ ಪರಿಪೂರ್ಣವಲ್ಲ. ರೋಗನಿರೋಧಕ ಟಿ ಕೋಶಗಳ ಝ್ಯಾಪ್-70 ಪ್ರೋಟೀನು ಅಕ್ಕಪಕ್ಕದ ಎರಡು ಎಸ್‌ಎಚ್2ಗಳನ್ನು ಹೊಂದಿದ್ದು, ಗ್ರಾಹಕದ (ಸಂಕೇತ ಪಡೆಯುವ ಪ್ರೋಟೀನಿನ) ಮೇಲೆ ಎರಡು ಫಾಸ್ಫೊಟೈರೋಸಿನ್‌ಗಳು (ಫಾಸ್ಫೇಟ್ ಸೇರಿದ ಟೈರೋಸಿನ್‌ಗಳು) ತಕ್ಕ ಅಂತರದಲ್ಲಿ ಸಿಕ್ಕಾಗಲಷ್ಟೇ ಬಿಗಿಯಾಗಿ ಕೂರುತ್ತದೆ. ಜೊತೆಗೆ, ಯಾವ ಪ್ರೋಟೀನು ಯಾವ ಕೋಶದಲ್ಲಿ, ಯಾವ ಜಾಗದಲ್ಲಿ, ಎಷ್ಟು ಪ್ರಮಾಣದಲ್ಲಿದೆ ಎಂಬುದೂ ಸಂಕೇತದ ದಾರಿಯನ್ನು ನಿರ್ಧರಿಸುತ್ತದೆ.

ಹಿಡಿತ ಸಡಿಲವಾಗಿರುವುದೇ ಕೆಲವೊಮ್ಮೆ ಅನುಕೂಲ ಎನ್ನುವುದು ನನಗೆ ಅತ್ಯಂತ ಸುಂದರವಾಗಿ ಕಾಣುವ ಅಂಶ. ಕೋಳಿಯ ಸಾರ್ಕ್‌ನ ಬಾಲದಲ್ಲಿ 527ನೆಯ ಸ್ಥಾನದ ಟೈರೋಸಿನ್ನಿಗೆ ಫಾಸ್ಫೇಟ್ ಸೇರಿದಾಗ, ಅದೇ ಅಣುವಿನ ಎಸ್‌ಎಚ್2 ಅದನ್ನು ಹಿಡಿದು ಕೈನೇಸನ್ನು (ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಭಾಗವನ್ನು) ಸುಮ್ಮನಿರಿಸುತ್ತದೆ. ಆ ಟೈರೋಸಿನ್ನಿನ ಮುಂದೆ ಗ್ಲುಟಾಮಿನ್, ಪ್ರೋಲಿನ್, ಗ್ಲೈಸಿನ್‌ಗಳಿವೆಯೇ ಹೊರತು ಎಸ್‌ಎಚ್2 ಬಯಸುವ ಸರಣಿಯಲ್ಲ. ಆದ್ದರಿಂದ ಹೆಚ್ಚು ಒಗ್ಗುವ ಫಾಸ್ಫೊಟೈರೋಸಿನ್ ಎದುರಾದೊಡನೆ ಬಾಲ ಬಿಟ್ಟುಕೊಳ್ಳುತ್ತದೆ, ಕೈನೇಸ್ ಕೆಲಸಕ್ಕಿಳಿಯುತ್ತದೆ. ರೌಸ್ ಸಾರ್ಕೋಮ ವೈರಸ್ಸಿನ ಸಾರ್ಕ್‌ನಲ್ಲಿ ಬಾಲದ ಈ ಭಾಗವೇ ಇಲ್ಲ. ಹಾಗಾಗಿ ಅದರ ಕೈನೇಸ್‌ಗೆ ಈ ತಡೆಯಿಲ್ಲ, ಕೋಳಿಗಳಲ್ಲಿ ಗಡ್ಡೆಗಳು ಬೆಳೆಯುತ್ತವೆ.