ವಾಕ್ಯ ಬೇಡ, ಪದ ಮಾತ್ರ ಕೊಡಿ ಎಂದವರಿಗೆ

ಪತ್ರ: ‘ನಿಮ್ಮ ಇಂಗ್ಲಿಷ್ ಪದಗಳ ಪುಟದಲ್ಲಿ ಹತ್ತು ಪದಕ್ಕೆ ಇಪ್ಪತ್ತು ವಾಕ್ಯ ಇರುತ್ತವೆ. ವಾಕ್ಯ ಬಿಟ್ಟು ಬರೀ ಕನ್ನಡ ಅರ್ಥ ಹಾಕಿದರೆ ಅದೇ ಜಾಗದಲ್ಲಿ ಅರವತ್ತು ಪದ ಹಿಡಿಸುತ್ತವೆ. ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಮುಂದೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವಳು. ಹಾಗೆಯೇ ಒಳ್ಳೆಯ ನಿಘಂಟು ಯಾವುದೆಂದೂ ತಿಳಿಸಿ.’
– ಓದುಗರೊಬ್ಬರು, ಹಾವೇರಿ

ಉತ್ತರ: ಮಗಳ ಓದಿಗಾಗಿ ಕೂತು ಪುಟ ಅಳೆದು ಪತ್ರ ಬರೆದಿದ್ದೀರಿ, ಸಂತೋಷ. ಸಮಾನಾರ್ಥಕ ಗುರುತಿಸುವ ಪ್ರಶ್ನೆಗೆ ಎಷ್ಟೋ ಸಲ ಕನ್ನಡ ಅರ್ಥವೇ ಸಾಕು, ಒಪ್ಪುತ್ತೇವೆ. ಸುತ್ತಿಗೆ, ಶ್ವಾಸಕೋಶದಂಥ ಹೆಸರುಗಳಿಗೂ ವಾಕ್ಯದ ಹಂಗಿಲ್ಲ. ಆದರೆ ವಾಕ್ಯ ತೆಗೆಯುವ ಮಾತಿಗೆ ಮಾತ್ರ ನಮ್ಮ ಒಪ್ಪಿಗೆ ಇಲ್ಲ.

‘ಸಜೆಸ್ಟ್’ ಪದವನ್ನೇ ನೋಡಿ. ಅರ್ಥ: ಸಲಹೆ ಕೊಡು. ಇಷ್ಟನ್ನೇ ಬಾಯಿಪಾಠ ಮಾಡಿದ ವಿದ್ಯಾರ್ಥಿ ‘ಹಿ ಸಜೆಸ್ಟೆಡ್ ಮಿ ಟು ಗೋ’ ಎಂದು ಬರೆಯುತ್ತಾಳೆ. ‘ಅಡ್ವೈಸ್ಡ್’ ಆಗಿದ್ದರೆ ಸರಿ, ‘ಸಜೆಸ್ಟೆಡ್’ಗೆ ತಪ್ಪು. ಎರಡಕ್ಕೂ ಕನ್ನಡ ಅರ್ಥ ಒಂದೇ, ವಾಕ್ಯದ ಕಟ್ಟು ಬೇರೆ. ‘ಹಿ ಸಜೆಸ್ಟೆಡ್ ಗೋಯಿಂಗ್ ಬೈ ಟ್ರೈನ್’ ಎಂಬ ಒಂದು ವಾಕ್ಯ ನಾಲಿಗೆಯ ಮೇಲಿದ್ದರೆ ಈ ತಪ್ಪು ಹತ್ತಿರ ಸುಳಿಯದು. ‘ಬಗ್ಗೆ ಚರ್ಚಿಸು’ ಎಂಬ ನಮ್ಮ ರೂಢಿಯಿಂದಲೇ ‘ಡಿಸ್ಕಸ್ ಅಬೌಟ್’ ಬರುತ್ತದೆ. ಅಲ್ಲಿ ‘ಅಬೌಟ್’ ಬೇಕಿಲ್ಲ. ‘ಸ್ಲಿಮ್’, ‘ಸ್ಕಿನ್ನಿ’ ಎರಡಕ್ಕೂ ತೆಳ್ಳಗಿರುವ ಎಂದೇ ಅರ್ಥ ಬರೆಯಬಹುದು. ಮೊದಲನೆಯದು ಮೆಚ್ಚುಗೆ, ಎರಡನೆಯದನ್ನು ಎದುರಿಗೆ ಅಂದರೆ ಮುಖ ಸಣ್ಣದಾಗುತ್ತದೆ.

ಇದು ನಮ್ಮ ಹಟವಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಇದೇ ತೊಡಕನ್ನು ಬಿಡಿಸಲು, ಯಾವ ಕ್ರಿಯಾಪದ ಯಾವ ಕಟ್ಟಿನಲ್ಲಿ ಬರುತ್ತದೆಂದು ತೋರಿಸುವ ನಿಘಂಟು ಸಿದ್ಧಪಡಿಸಿದರು. 1942ರಲ್ಲಿ ಅದು ಟೋಕಿಯೊದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸಿದ್ದ ಮೈಕೆಲ್ ವೆಸ್ಟ್, ಇಂಗ್ಲಿಷ್ ಕಲಿಯುವವರಿಗೆ ಹೆಚ್ಚು ಬೇಕಾಗುವ ಪದಗಳನ್ನು ಆರಿಸಿ ಮಾಡಿದ 1953ರ ಪಟ್ಟಿಯಲ್ಲಿ ಸುಮಾರು 2,000 ಪದಗಳಷ್ಟೇ ಇವೆ. ಆದರೆ ಪ್ರತಿ ಪದದ ಯಾವ ಅರ್ಥ ಶೇಕಡಾ ಎಷ್ಟು ಬಳಕೆಯಲ್ಲಿದೆ ಎಂಬುದೂ ಅಲ್ಲಿದೆ. ಅರವತ್ತು ಪದ ಕೇಳುವ ಮೊದಲು ಆ 2,000ದಲ್ಲಿ ಮಗಳಿಗೆ ಎಷ್ಟು ಬಳಸಲು ಬರುತ್ತವೆ, ಒಮ್ಮೆ ಕೂರಿಸಿಕೊಂಡು ನೋಡಿ.

ವಾಕ್ಯವೆಂದರೆ ಯಾವುದೋ ಒಂದು ವಾಕ್ಯವೂ ಅಲ್ಲ. ‘ಹಿ ಈಸ್ ಅ ಡಿಲಿಜೆಂಟ್ ಬಾಯ್’ ಎಂಬುದು ಗೈಡುಗಳ ಅಚ್ಚುಮೆಚ್ಚಿನ ಮಾದರಿ. ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ: ಅಲ್ಲಿ ‘ಲೇಜಿ’ಯೂ ಕೂರುತ್ತದೆ, ‘ಟಾಲ್’ ಕೂಡ ಕೂರುತ್ತದೆ. ‘ಶಿ ಈಸ್ ಅ ಡಿಲಿಜೆಂಟ್ ಕ್ಲರ್ಕ್, ಶಿ ಚೆಕ್ಸ್ ಎವ್ರಿ ಬಿಲ್ ಟ್ವೈಸ್’ ಎಂದಾಗ ಅರ್ಥ ವಾಕ್ಯದಿಂದಲೇ ಹೊರಡುತ್ತದೆ. ನಮ್ಮ ಪುಟದ ವಾಕ್ಯಗಳನ್ನೂ ಹೀಗೇ ಬೆರಳಿಟ್ಟು ಪರೀಕ್ಷಿಸಿ, ಸೋತವನ್ನು ಬರೆದು ತಿಳಿಸಿ.

ಮಗಳಿಗೆ ದಿನಕ್ಕೆ ಐದೇ ಪದ ಸಾಕು. ಪೋಸ್ಟ್‌ಕಾರ್ಡಿನ ಅರ್ಧದಷ್ಟು ರಟ್ಟಿನ ಚೀಟಿ ಮಾಡಿಸಿ. ಮುಂದೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಕೆಳಗೆ ಆ ವಾಕ್ಯಕ್ಕೆ ಹೊಂದುವ ಒಂದೇ ಒಂದು ಕನ್ನಡ ಅರ್ಥ. ಹಿಂದೆ ಪದ, ಉಚ್ಚಾರ, ಮತ್ತು ಅವಳೇ ಮನೆಯ ಅಥವಾ ಕಾಲೇಜಿನ ಸಂಗತಿ ಇಟ್ಟು ಬರೆದ ಇನ್ನೊಂದು ವಾಕ್ಯ. ‘ರಿಲಕ್ಟೆಂಟ್ ಟು’, ‘ಕೋಪ್ ವಿತ್’ ಎಂದು ಜೊತೆಗೆ ಬರುವ ಪದಕ್ಕೆ ಗೆರೆ ಎಳೆಯಲಿ. ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಖಾಲಿ ಜಾಗ ತುಂಬಲಿ. ತಪ್ಪಿದ ಚೀಟಿ ಮತ್ತೆ ಮೊದಲ ದಿನದ ಕಟ್ಟಿಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚುರಪಡಿಸಿದ ಚೀಟಿ ಪೆಟ್ಟಿಗೆಯ ಕ್ರಮ ಇದೇ ಜಾತಿಯದು. ‘ಅಫೆಕ್ಟ್’, ‘ಎಫೆಕ್ಟ್’ ಎರಡನ್ನೂ ಒಂದೇ ದಿನ ಕಲಿಯುವುದು ಬೇಡ, ಒಂದರೊಳಗೊಂದು ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಬೇಸರವಾಗುವುದು ನಿಮ್ಮ ಮೇಲಲ್ಲ. ನಿಮಗೆ ಪಟ್ಟಿಯೇ ವಿದ್ಯೆ ಎಂದು ನಂಬಿಸಿದ ಪುಸ್ತಕಗಳ ಮೇಲೆ. ಒಂದು ಗೈಡಿನಿಂದ ಇನ್ನೊಂದಕ್ಕೆ ನಕಲಾಗುತ್ತ, ‘ಫೇಮಸ್’ ಎದುರಿಗೆ ‘ನೊಟೋರಿಯಸ್’ ಬರೆದು ಸಮಾನಾರ್ಥಕ ಎನ್ನುವ ಪಟ್ಟಿಗಳು ಅವು. ಕಾಗದ ಉಳಿಸಲು ಮೊದಲು ಕತ್ತರಿ ಬೀಳುವುದು ವಾಕ್ಯದ ಮೇಲೆ. ಕನ್ನಡ ಶಾಲೆಯ ಮಗು ‘ಪದ–ಅರ್ಥ ಹತ್ತು ಸಲ ಬರಿ’ ಎಂಬ ಮನೆಗೆಲಸದಲ್ಲಿ ವರ್ಷಗಟ್ಟಲೆ ಬೆರಳು ಸವೆಸಿ, ಕೊನೆಗೆ ಒಂದು ರಜೆ ಅರ್ಜಿ ಬರೆಯಲು ಹೆದರುತ್ತದೆ. ಆಮೇಲೆ ದೂರು ಮಗುವಿನ ಮೇಲೆ, ಇಲ್ಲವೇ ಕನ್ನಡ ಮಾಧ್ಯಮದ ಮೇಲೆ. 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆದು ನೋಡಿ, ಕನ್ನಡ ಪದಗಳ ಜೊತೆ ಗಾದೆಗಳೂ ಕಾವ್ಯದ ಪ್ರಯೋಗಗಳೂ ಹೆಜ್ಜೆಹೆಜ್ಜೆಗೆ ಸಿಗುತ್ತವೆ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಅಷ್ಟು ಕಾಳಜಿಯ ಪುಸ್ತಕ ಅಗ್ಗದ ಬೆಲೆಗೆ ಯಾಕೆ ಸಿಗಬಾರದು?

ನಿಘಂಟಿನ ಪ್ರಶ್ನೆಗೆ: ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್ ಕೊಳ್ಳಿ. ಲಾಂಗ್‌ಮನ್ 1978ರ ಮೊದಲ ಆವೃತ್ತಿಯಿಂದಲೂ ಸುಮಾರು 2,000 ಸರಳ ಪದಗಳಲ್ಲೇ ಅರ್ಥ ಹೇಳುತ್ತ ಬಂದಿದೆ, ಪಿಯುಸಿ ವಿದ್ಯಾರ್ಥಿನಿಗೆ ಹೊರೆಯಾಗದು. ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ, ಉಚ್ಚಾರವನ್ನೂ ಕೇಳಬಹುದು. ಜೇಬಿಗೆ ಹಿಡಿಸುವ ಗಾತ್ರದ್ದು ಮಾತ್ರ ಬೇಡ, ಅದರಲ್ಲಿ ವಾಕ್ಯಗಳಿಗೆ ಜಾಗವಿರುವುದಿಲ್ಲ.